ಎಮ್ಮೆ ಬಾರ್

ಬೋರ್ಡಿನ ಮೇಲಿರುವುದು ‘ಹೆಮ್ಮಾ’.
ಸ್ವೀಡನ್ನಿನವರ ಮಾತಿನಲ್ಲಿ ‘ಮನೆಯಲ್ಲಿ’ ಎಂದಂತೆ.
ಜೀವನಹಳ್ಳಿಯ ಆಟೋದವರ ಬಾಯಲ್ಲಿ
ಹಕಾರ ನಿಲ್ಲುವುದುಂಟೆ?
ಮೊದಲ ವಾರದಲ್ಲೇ ಅದು ಎಮ್ಮೆ ಬಾರ್ ಆಯಿತು.
ಮಾಲೀಕ ಯೋರಾನ್, ಆರೂಕಾಲಡಿ,
ಊರಣ್ಣ ಆದ.
ಯಾವುದರಿಂದ ಕರೆದರೂ ಓಗೊಡುತ್ತಾನೆ.

ಅಮ್ಮನನ್ನು ಕರೆದುಕೊಂಡು ಹೋದದ್ದು
ನನ್ನ ಮಗಳು ಇಂಚರಳ ಐದನೇ ಹುಟ್ಟುಹಬ್ಬಕ್ಕೆ.
ಬಾಗಿಲಲ್ಲೇ ನಿಂತುಬಿಟ್ಟಳು.
ಚಪ್ಪಲಿ ಬಿಡಬೇಕೋ ಏನೋ ಎಂದು ಯೋಚಿಸುತ್ತಿದ್ದಾಳೆ ಅಂದುಕೊಂಡೆ.
‘ಪರದೆ ಎಲ್ಲೇ?’ ಎಂದಳು.

ಅವಳಿಗೆ ಗೊತ್ತಿದ್ದ ಬಾರಿಗೆ ಪರದೆಯಿತ್ತು,
ಕಡುಗೆಂಪು, ಅಂಚು ಕೈಕೊಳೆಗೆ ಕಪ್ಪಾದದ್ದು.
ಮಿಲ್ಲಿನ ಬಟವಾಡೆಯ ಸಂಜೆ
ನಾನು ಪರದೆಯ ಈಚೆ, ಅಪ್ಪನ ಸೈಕಲ್ ಹಿಡಿದು;
ಅಮ್ಮ ರಸ್ತೆಯ ಆಚೆ, ಬಾಳೆಹಣ್ಣಿನ ಗಾಡಿಯ ಮರೆಗೆ,
ಕೊಳ್ಳದ ಹಣ್ಣಿನ ರೇಟು ಕೇಳುತ್ತ.
ಪರದೆ ಸರಿದಾಗಲೊಮ್ಮೆ ಕಂಡದ್ದು
ಕೆಂಪು ಬಲ್ಬು, ಒಂದು ಮೊಣಕೈ,
ಬೇರೆ ಯಾರದೋ ಅಪ್ಪ.
ಮಹಡಿಗೆ ಬಾಣದ ಗುರುತು: ಫ್ಯಾಮಿಲಿ ರೂಮ್.
ಯಾವ ಫ್ಯಾಮಿಲಿಯೂ ಆ ಮೆಟ್ಟಿಲು ಹತ್ತಿದ್ದು
ನಾನು ನೋಡಲಿಲ್ಲ.

ಇಲ್ಲಿ ಕಿಟಕಿ ಗೋಡೆಗಿಂತ ದೊಡ್ಡದು,
ಬೀದಿಯೇ ಒಳಗೆ ಬಂದು ಕುಳಿತಂತೆ.
ಬಾರಿನ ಕಟ್ಟೆಗೆ ಒತ್ತಿ ಮಗುವಿನ ಎತ್ತರದ ಕುರ್ಚಿ,
ಬಿಯರಿನ ನಲ್ಲಿಯ ಕೆಳಗೆ ಕ್ರೇಯಾನಿನ ಡಬ್ಬ.
ರೈಲ್ವೆ ಗಾರ್ಡ್ ಆಗಿದ್ದ ಆರೋಗ್ಯಸ್ವಾಮಿ
ಒಂದು ಗ್ಲಾಸಿಗೆ ಒಂದು ಪದಬಂಧ,
ಆಮೇಲೆ ಮನೆಗೆ. ಟೈಮ್ ಟೇಬಲ್ ತಪ್ಪಿಸಿದವನಲ್ಲ.

ಮೇಜಿನ ಮೇಲೆ ಮೇಣದಬತ್ತಿ, ಸಂಜೆ ಆರಕ್ಕೇ.
‘ಕರೆಂಟ್ ಇದೆಯಲ್ಲಪ್ಪ?’
ಅವರ ಊರಲ್ಲಿ ಚಳಿಗಾಲದಲ್ಲಿ
ಮೂರು ಗಂಟೆಗೇ ಕತ್ತಲಂತೆ.
ಕಿಟಕಿಯಲ್ಲಿ ದೀಪ ಇಡುವುದು
ದಾರಿಯಲ್ಲಿ ಹೋಗುವವರಿಗಂತೆ.
ಊರಣ್ಣನ ಕನ್ನಡ ಅಷ್ಟು ದೂರ ನಡೆಯದು,
ಕೌಂಟರಿನ ನಸೀಮಾ ದಾಟಿಸಿದಳು.
ಅಮ್ಮ ಏನೂ ಅನ್ನಲಿಲ್ಲ.
ಬತ್ತಿಯನ್ನು ನಾಲ್ಕು ಬೆರಳು
ಕಿಟಕಿಯ ಕಡೆ ಸರಿಸಿದಳು.

ತಟ್ಟೆ ಬಂತು.
ವಿನಿಗರಿನಲ್ಲಿ ನೆನೆದ ಬಂಗುಡೆ, ಬೆಂದ ಆಲೂಗಡ್ಡೆ,
ಖಾರ ಮರೆತ ಕೈಮಾ ಉಂಡೆ,
ಪಕ್ಕದಲ್ಲಿ ಕವಳೆಹಣ್ಣಿನ ಜಾಮು:
ಅವರ ಕಾಡಿನ ಕೆಂಪು ಹಣ್ಣು ಇಲ್ಲಿ ಸಿಗದೆ ಪೇಚಾಡುವಾಗ
ರಸೆಲ್ ಮಾರ್ಕೆಟ್ಟಿನ ಮುದುಕಿಯೊಬ್ಬಳು
ಬುಟ್ಟಿ ಮುಂದೆ ತಳ್ಳಿದಳಂತೆ.
ಎಲ್ಲದರ ಮೇಲೂ ಹಸಿರು, ಎಳೆ ಎಳೆ.
ಅಮ್ಮ ಮೂಸಿದಳು. ಮತ್ತೆ ಮೂಸಿದಳು.
‘ಅಯ್ಯೋ, ಸಬ್ಬಸಿಗೆ!’

ಬಾಣಂತಿ ಸೊಪ್ಪು.
ನನ್ನನ್ನು ಹೆತ್ತು ನಲವತ್ತು ದಿನ ಅವಳು ತಿಂದದ್ದು,
ಇಂಚರಳನ್ನು ಹೆತ್ತಾಗ ನನಗೆ ತಿನ್ನಿಸಿದ್ದು.
ಇಡೀ ಮನೆಗೆ ಅದೇ ವಾಸನೆ,
ತಲೆದಿಂಬಿಗೂ, ಹಾಲಿಗೂ.
‘ಇವರ ಊರಲ್ಲಿ ಗಂಡಸರೂ ತಿಂತಾರಾ?’
ನಸೀಮಾ ಕೇಳಿದಳು. ಊರಣ್ಣ ಯೋಚಿಸಿ ಹೇಳಿದ:
ಮೀನಿಗೆ, ಮದುವೆಗೆ, ನಡುಬೇಸಿಗೆಯ ಹಬ್ಬಕ್ಕೆ,
ಸುಮ್ಮನೆ.
‘ಹಾಗಾದ್ರೆ ಊರಿಗೂರೇ ಬಾಣಂತಿ!’
ಅಮ್ಮ ನಕ್ಕಳು. ಬಾರಿನಲ್ಲಿ.
ಸೆರಗು ಬಾಯಿಗೆ ತಲುಪುವ ಮೊದಲೇ.

ಆಮೇಲೆ ವಿಚಾರಣೆ: ಕಟ್ಟಿಗೆ ಎಷ್ಟು ಕೊಡುತ್ತೀಯ?
ಉತ್ತರ ಕೇಳಿ ಹಣೆ ಚಚ್ಚಿಕೊಂಡಳು.
ನಾಳೆ ಆರಕ್ಕೆ ಸಿದ್ಧವಾಗಿರಬೇಕು ಊರಣ್ಣ,
ಚೀಲ ತನ್ನದೇ ತರಬೇಕು,
ಬಾಯಿ ಬಿಡಕೂಡದು.

ಬಿಲ್ಲು ಕೊಟ್ಟು ತಿರುಗಿದರೆ ಅಮ್ಮ ಇಲ್ಲ.
ಇಂಚರ ಕಾಗದದ ಮೇಲೆ ಎಮ್ಮೆಗೆ ಕಿರೀಟ ಬರೆಯುತ್ತಿದ್ದಳು,
ತಲೆಯೆತ್ತದೆ ಕಿಟಕಿ ತೋರಿಸಿದಳು.
ರಸ್ತೆಯ ಆಚೆ, ನಿಂತ ಎಳನೀರು ಗಾಡಿಯ ಪಕ್ಕ,
ಹಳೆಯ ಜಾಗದಲ್ಲೇ ನಿಂತಂತೆ ಅಮ್ಮ,
ಈ ಕಡೆ ನೋಡುತ್ತ.
ನಾವು ಹೋಗಿ ಸೇರಿದೆವು.
ಇಬ್ಬರ ಮಧ್ಯೆ ಇಂಚರ, ಕೈಯಲ್ಲಿ ಎಮ್ಮೆ.

‘ಒಳಗೆಲ್ಲ ಕಾಣುತ್ತೆ ಕಣೇ’ ಎಂದಳು.
ಸ್ವಲ್ಪ ದೂರ ನಡೆದ ಮೇಲೆ,
‘ಆಲೂಗಡ್ಡೆಗೆ ಉಪ್ಪು ಕಮ್ಮಿ.’