ಚಾರ್ಟಿನ ಹುಡುಗ

ಹಾಸನದ ಹಳೇ ಬಸ್ ಸ್ಟ್ಯಾಂಡ್ ಹಿಂದೆ, ಪುಸ್ತಕದಂಗಡಿಯಲ್ಲಿ
ನಲವತ್ತು ರೂಪಾಯಿಗೆ ತಂದದ್ದು.
ಚಡ್ಡಿ ಹಾಕಿದ ಬಿಳಿ ಹುಡುಗ,
ಮೈತುಂಬ ಬಾಣ ಚುಚ್ಚಿಸಿಕೊಂಡು
ನಗುತ್ತಾ ನಿಂತಿದ್ದಾನೆ.
"ಮೊಮ್ಮಗೂಗಾ ಅಮ್ಮಾ?" ಅಂದ ಅಂಗಡಿಯವನು.
"ಯಜಮಾನರಿಗೆ" ಅಂದೆ.
ಚಿಲ್ಲರೆ ಎಣಿಸುತ್ತಿದ್ದ ಕೈ ನಿಂತಿತು.

ದುದ್ದದ ಶಾಲೆಯಲ್ಲಿ ಇಪ್ಪತ್ತಾರು ವರ್ಷ
ನೋಸು, ಇಯರು ಕಲಿಸಿದವರು ನಮ್ಮ ಮೇಷ್ಟ್ರು.
ದೀಪಾವಳಿಗೆ ಮೂರು ದಿನ ಇರುವಾಗ
ಬಚ್ಚಲಲ್ಲಿ ಕುಸಿದರು.
ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು,
ಕನ್ನಡ ಪೂರಾ ಹೋಯಿತು.
ಹತ್ತನೇ ದಿನ ಆಸ್ಪತ್ರೆಯ ಮಂಚದ ಮೇಲೆ
ಬಾಯಿ ಸೊಟ್ಟ ಮಾಡಿಕೊಂಡು ಆಡಿದ ಮೊದಲ ಮಾತು
"ಥರ್ಸ್ಟಿ."
ಯಾವುದೋ ಊರಿನ ಹೆಸರು ಅಂದುಕೊಂಡೆ ನಾನು.

ಒಬ್ಬೊಬ್ಬರಿಗೆ ಹೀಗಾಗುತ್ತದಂತೆ.
ಹುಟ್ಟಿದ ಮಾತಿನ ಕೋಣೆಗೆ ಚಿಲಕ ಬಿದ್ದು
ಕಲಿತ ಮಾತಿನ ಕಿಟಕಿ ತೆರೆದೇ ಇರುತ್ತದಂತೆ.
(ಕೋಣೆ, ಕಿಟಕಿ ನಾನು ಸೇರಿಸಿದ್ದು.
ಡಾಕ್ಟರು ಅಂದದ್ದು ಇಷ್ಟೇ: ಬರುತ್ತೆ, ಕಾಯಿರಿ.)

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು.
"ಸ್ಪೂನು ಅನ್ನೋಕೂ ಬರಲ್ವೇನೇ ಸಾಕಮ್ಮ" ಅಂತ
ಮದುವೆಯಾದ ಹೊಸದರಲ್ಲಿ ನಕ್ಕವರ ಜೊತೆ
ಈಗ ನಾಲ್ಕು ಮಾತಾಡಬೇಕೆಂದರೆ
ನಾನೇ ಸ್ಲೇಟು ಹಿಡಿಯಬೇಕು.

ಪೆನ್ಷನ್ ಮೊಹಲ್ಲಾದ ಈ ಬಾಡಿಗೆ ಮನೆಗೆ
ಮಹಡಿಯಿಂದ ಇಳಿದು ಬರುತ್ತಾಳೆ ಆಫ್ರೀನ್,
ಎರಡನೇ ಕ್ಲಾಸು, ನನ್ನ ಟೀಚರು.
ನನ್ನದೇ ಸೌಟಿನಿಂದ ಚಾರ್ಟು ಕುಟ್ಟುತ್ತಾಳೆ.
ನೀ ಅಂದರೆ ನೀನಲ್ಲ ಆಂಟಿ, ಮಂಡಿ.
ಚಿನ್ ಅಂದರೆ ಚಿನ್ನ ಅಲ್ಲ, ಗದ್ದ.
ಐ ಅಂದರೆ ಕಣ್ಣು. ಐ ಅಂದರೆ ನಾನು.
"ಎರಡೂ ಒಂದೇನಾ?"
"ಸ್ಪೆಲ್ಲಿಂಗು ಬೇರೆ."
ಇರಲಿ ಬಿಡು.
ಮೊನ್ನೆ ಅವರು "ಕಾಫ್" ಅಂದರು,
ಕಾಫಿ ಕಾಸಿ ತಂದೆ.
ಕುಡಿದರು. ಕೆಮ್ಮಿದರು.

ಚಾರ್ಟಿನ ಕೆಳಗೆ ಸಾಲಾಗಿ ಮುಖಗಳು,
ಹ್ಯಾಪಿ, ಸ್ಯಾಡ್, ಆಂಗ್ರಿ, ಸ್ಕೇರ್ಡ್.
ನಾಲ್ಕೇ.
ಸಂಕಟಕ್ಕೆ ಯಾವುದು? ಮುನಿಸಿಗೆ?
ನಾದಿನಿ ಬಂದು ಹೋದ ಸಂಜೆ
ನನಗೆ ಆಗುವಂಥದ್ದಕ್ಕೆ?
ಆಫ್ರೀನ್ ತುಂಬ ಹೊತ್ತು ಯೋಚಿಸಿ
"ಟಯರ್ಡ್" ಅಂದಳು.
ಪರವಾಗಿಲ್ಲ ಹುಡುಗಿ.

ರಾತ್ರಿ ನರಳುತ್ತಿದ್ದರು, ಎದ್ದು ಕೂತೆ.
"ವೇರ್ ಪೇನು? ಸ್ಟಮಕ್ಕಾ?"
ತುತ್ತು ಎತ್ತಲಾಗದ ಮನುಷ್ಯ
ಎಡಗೈ ಬೆರಳೆತ್ತಿ ತಿದ್ದಿದರು:
"ಸ್ಟ-ಮಕ್."
ಎರಡು ಸಲ ಹೇಳಿಸಿ ಬಿಟ್ಟರು.
ನೋವು ಎಲ್ಲಿ ಅಂತ ಹೇಳಲೇ ಇಲ್ಲ.

ಗಂಜಿ ಕುಡಿಸಿ ಬಾಯಿ ಒರೆಸಿದರೆ
"ಥ್ಯಾಂಕ್ಯೂ" ಅನ್ನುತ್ತಾರೆ.
ಮೂವತ್ತೊಂದು ವರ್ಷ ಮುದ್ದೆ ಕಟ್ಟಿ ಹಾಕಿದ್ದೇನೆ,
ಸಾರು ಚೆನ್ನಾಗಿದೆ ಅಂದವರಲ್ಲ.
"ಇನ್ನೊಂದಿಷ್ಟು ಬಿಡು" ಅನ್ನುತ್ತಿದ್ದರು,
ನಾನು ಅಷ್ಟರಲ್ಲೇ ತಿಳಿದುಕೊಳ್ಳುತ್ತಿದ್ದೆ.
ಈಗ ಥ್ಯಾಂಕ್ಯೂ. ಲಾಡ್ಜಿಗೆ ಬಂದವರ ಹಾಗೆ.
ಅಡುಗೆಮನೆಗೆ ಹೋಗಿ ಅತ್ತೆ,
ಯಾವ ಮುಖದ ಅಳುವೋ ಗೊತ್ತಿಲ್ಲ.

ನಿನ್ನೆ ಕರೆಂಟು ಹೋಯಿತು.
ಕತ್ತಲಲ್ಲಿ ಬೆಂಕಿಪೊಟ್ಟಣ ತಡಕುತ್ತಾ
ಅವರ ಎಡಗಾಲು ತುಳಿದೆ,
ಪೂರ್ತಿ ಭಾರ ಬಿಟ್ಟು.

"ಅಯ್ಯೋ, ನಮ್ಮವ್ವಾ!"

ತೊದಲಿಲ್ಲ, ತಡವರಿಕೆಯಿಲ್ಲ.
ತೀರಿಹೋದ ನಮ್ಮತ್ತೆ
ಒಳಮನೆಯಿಂದ ಓಗೊಟ್ಟಾರು ಅನ್ನುವಷ್ಟು ಸ್ಪಷ್ಟ.

ಕಡ್ಡಿ ಗೀರಿದೆ.
ಅವರು ತಮ್ಮ ಬಾಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದರು.
ಬೆರಳು ಸುಡುವ ತನಕ ಕಾದೆ. ಇನ್ನೇನೂ ಬರಲಿಲ್ಲ.
ಎರಡನೇ ಕಡ್ಡಿ ಗೀರಿದೆ.

"ರೀ, ಇನ್ನೊಂದ್ಸಲ ತುಳೀಲಾ?"

ತುಂಬ ಹೊತ್ತು ಯೋಚಿಸಿದರು.
ಆಮೇಲೆ ಸೊಟ್ಟ ತುಟಿಯ ಸರಿಯಿದ್ದ ಬದಿ
ಒಂಚೂರು ಮೇಲಕ್ಕೆ ಹೋಯಿತು.
"ನೋ" ಅಂದರು.
"ಥ್ಯಾಂಕ್ಯೂ."