ಹದಿನಾರು ಕೋಲು

ಉಪ್ಪಳದ ಬಸ್‌ಸ್ಟ್ಯಾಂಡಿನ ಎದುರು ನನ್ನ ಜೆರಾಕ್ಸ್ ಅಂಗಡಿ.
ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಮಂದಿಯನ್ನು
ದುಬಾಯಿಗೆ, ದಮಾಮಿಗೆ, ಮಸ್ಕತ್ತಿಗೆ
ಈ ಮೇಜಿನ ಮೇಲಿಂದಲೇ ಕಳಿಸಿದೆ!
ಹೆಸರು ಇಲ್ಲಿ, ಸಹಿ ಅಲ್ಲಿ, ಫೋಟೋದ ಹಿಂದೆ ಅಂಟು.
ನಿನ್ನೆ ಮೊದಲ ಸಲ ಒಂದು ಅರ್ಜಿಯ ಮೇಲೆ
ವಾರಿಜ ಎಂದು ಬರೆದೆ.
ಅಕ್ಷರ ಯಾಕೋ ಓರೆಯಾಯಿತು.

ಕಡಮತ್ ದ್ವೀಪ. ಫೆಬ್ರವರಿ. ಆರು ದಿನ.
ಪೊಲೀಸ್ ಠಾಣೆಯಲ್ಲಿ ಮಲಯಾಳದಲ್ಲಿ ಕೇಳಿದರು:
ಅಲ್ಲಿ ನಿಮಗೆ ಯಾರಿದ್ದಾರೆ?
ಯಾರೂ ಇಲ್ಲ.
ಮತ್ತೆ ಯಾಕೆ?
ಮುಳುಗಲಿಕ್ಕೆ, ಎಂದೆ.
ರೈಟರು ಪೆನ್ನು ಎತ್ತಿ ಹಿಡಿದರು.
ಮೈಮೂನ ಪಕ್ಕದಿಂದ ತಿದ್ದಿದಳು: ಮುಳುಗಿ, ಏಳಲಿಕ್ಕೆ.

ಮೈಮೂನ ಮಂಜೇಶ್ವರದಲ್ಲಿ ಐಸ್ ಮಾರುವ ಮನೆಯವಳು.
ಮೀನನ್ನು ಸತ್ತದ್ದು ಮಾತ್ರ ನೋಡಿದ್ದೇನೆ ಮಾರಾಯ್ತಿ,
ಒಮ್ಮೆ ಅದರ ಮನೆಗೇ ಹೋಗಬೇಕು, ಅನ್ನುತ್ತಾಳೆ.
ಚೀಟಿ ಹಣ ಏಳುವುದು ಮಾರ್ಚಿಗೆ,
ಕೊಚ್ಚಿಯಿಂದ ಹಡಗು ಅದಕ್ಕೂ ಮೊದಲು.
ನಡುವಿನ ತಿಂಗಳಿಗೆ ಅವಳ ಬಳೆ.

ಡಾಕ್ಟರ ಹಾಳೆಯಲ್ಲಿ ಸಾಲು ಸಾಲು ಪ್ರಶ್ನೆ.
ಕಿವಿ ಸೋರುತ್ತದೆಯೇ? ಇಲ್ಲ.
ದಮ್ಮು? ಇಲ್ಲ.
ಇಕ್ಕಟ್ಟಿನ ಜಾಗದಲ್ಲಿ ಹೆದರಿಕೆಯೇ?
ಅಲ್ಲಿ ಪೆನ್ನು ನಿಂತಿತು.

ಅಪ್ಪ, ಸುರಂಗದ ಐತಪ್ಪ.
ಪೈವಳಿಕೆಯ ಮುರಕಲ್ಲಿನ ಗುಡ್ಡಗಳಲ್ಲಿ
ನೀರು ಎಲ್ಲಿ ಬೆವರುತ್ತದೆಂದು ಅವರ ಅಂಗೈಗೆ ಗೊತ್ತು.
ಒಬ್ಬರು ಬಗ್ಗಿ ನಡೆಯುವಷ್ಟೇ ಅಗಲ,
ಆ ಕತ್ತಲೆಯನ್ನು ಬುಟ್ಟಿ ಬುಟ್ಟಿ ಹೊತ್ತು
ಹೊರಗೆ ಸುರಿದದ್ದು ನಾನು, ಶಾಲೆಯ ರಜೆಯಲ್ಲಿ.
ಕೊನೆಯ ಮೂಲೆಯಲ್ಲಿ ಒಂದು ಮೇಣದ ಬತ್ತಿ.
ಬೆಳಕಿಗಲ್ಲ ಅದು.
ಅದು ಸಣ್ಣಗಾದರೆ ಗಾಳಿ ಸಣ್ಣಗಾಯಿತೆಂದು ಲೆಕ್ಕ;
ಪಿಕ್ಕಾಸು ಅಲ್ಲೇ ಬಿಟ್ಟು ಬರಬೇಕು,
ಓಡಬಾರದು.

ಫೋನಿನಲ್ಲಿ ದ್ವೀಪದ ಪೂಕೋಯ ಹೇಳಿದ್ದೂ ಅದನ್ನೇ,
ಅರ್ಧ ನನಗೆ ತಿಳಿಯದ ಅವನ ಮಲಯಾಳದಲ್ಲಿ:
ಗಾಳಿಯ ಮುಳ್ಳು ಐವತ್ತಕ್ಕೆ ಬಂದರೆ ನನಗೆ ಕೈ ತೋರಿಸಿ.
ಮೇಲೆ ಬರುವಾಗ ಅವಸರ ಬೇಡ.
ಉಸಿರು ಕಟ್ಟಬೇಡಿ, ಏನು ಕಂಡರೂ.
ನಾನೋ, ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರಿಗೆಲ್ಲ
ದಿನಕ್ಕೆ ಹತ್ತು ಸಲ ಹೇಳುವವಳು,
ಉಸಿರು ಹಿಡಿಯಿರಿ, ಅಲುಗಬೇಡಿ.

ರಾತ್ರಿ ಗಂಜಿಗೆ ಕೂತಾಗ ಅಪ್ಪನಿಗೆ ಹೇಳಿದೆ.
ಎಷ್ಟು ಆಳ?
ಹನ್ನೆರಡು ಮೀಟರ್.
ಬೆರಳು ಮಡಚಿ ಎಣಿಸಿದರು.
ಹದಿನಾರು ಕೋಲು ಚಿಲ್ಲರೆ. ಅಷ್ಟೆಯಾ?
ಬಾಯಾರಿನದ್ದು ನೂರಹತ್ತು, ಗೊತ್ತುಂಟಲ್ಲ.
ಅದು ಅಡ್ಡಕ್ಕೆ ಅಪ್ಪ, ಇದು ಕೆಳಕ್ಕೆ.
ಕತ್ತಲೆಗೆ ಅಡ್ಡವೆಂಥದು, ಕೆಳಗೆಂಥದು?
ಕತ್ತಲೆ ಇಲ್ಲ ಅಲ್ಲಿ. ನೀಲಿಯಂತೆ.
ಬಿಸಿಲು ತಳದ ಮರಳಿನವರೆಗೂ ಇಳಿಯುತ್ತದಂತೆ.
ಅದಕ್ಕೆ ಅವರಲ್ಲಿ ಉತ್ತರ ಇರಲಿಲ್ಲ.
ಮಾವಿನ ಮಿಡಿ ಚೀಪುತ್ತ ಕೂತರು,
ನಲವತ್ತು ವರ್ಷ ನೀರು ಹುಡುಕಿದವರು.

ಭಾನುವಾರ ಸುರಂಗದ ಬಾಯಿಯ ತೊಟ್ಟಿಯಲ್ಲಿ
ಕಾಸರಗೋಡಿನಿಂದ ತಂದ ನೀರಿನ ಕನ್ನಡಕ ಹಾಕಿ
ಮುಖ ಕೆಳಗೆ ಮಾಡಿ ಮಲಗಿದೆ.
ಸೊಂಟದಷ್ಟೇ ನೀರು, ಗುಡ್ಡದ ತಂಪು.
ನಳಿಗೆಯಲ್ಲಿ ನನ್ನ ಉಸಿರು
ಪಕ್ಕದ ಕೋಣೆಯಲ್ಲಿ ಮಲಗಿದವರದ್ದರ ಹಾಗೆ ಕೇಳಿಸಿತು.
ಎರಡು ಗೊದಮೊಟ್ಟೆ. ಒಂದು ತುಕ್ಕು ಹಿಡಿದ ಚಮಚ.
ಅಮ್ಮ ಹುಡುಕಿ ಹುಡುಕಿ ಬೈದದ್ದು ಇದಕ್ಕೇ ಇರಬೇಕು.

ದಂಡೆಯಲ್ಲಿ ಅಪ್ಪ ಗಟ್ಟಿಯಾಗಿ ಎಣಿಸುತ್ತಿದ್ದರಂತೆ,
ನೂರು ದಾಟಿ, ಇನ್ನೂರು ದಾಟಿ.
ಎದ್ದಾಗ ಮುಖದ ತುಂಬ ಸಿಟ್ಟು.
ಚಮಚ ಕೈಗಿಟ್ಟೆ.
ತಿರುಗಿಸಿ ನೋಡಿದರು, ಲುಂಗಿಗೆ ಒರೆಸಿದರು,
ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:
ಆ ಕನ್ನಡಕ ಕೊಡು ಇಲ್ಲಿ.