ವಾವಾ

ನನ್ನ ಕೆಲಸ ಪಿಸುಗುಡುವುದು.
ಲಂಡನ್ನಿನ ನ್ಯಾಯಾಲಯದ ಕೊನೆಯ ಬೆಂಚಿನಲ್ಲಿ ಕೂತು
ಸಾತುರ್ನಿನಾ ವಿಲ್ಕಾಳ ಎಡಗಿವಿಗೆ
(ಬಲಗಿವಿ ಗಣಿಯ ಸಿಡಿಮದ್ದಿಗೆ ಹೋಗಿದೆ)
ವಕೀಲರು ಆಡಿದ್ದನ್ನೆಲ್ಲ ಕೆಚುವಾದಲ್ಲಿ ಹೇಳುವುದು.
ಸೇರಿಸುವಂತಿಲ್ಲ. ಬಿಡುವಂತಿಲ್ಲ.

ಮೊದಲ ದಿನವೇ ಎಡವಿದೆ.
ಅಂಗಸಂಸ್ಥೆ, ಅಂಗಸಂಸ್ಥೆ,
ಹತ್ತು ನಿಮಿಷದಲ್ಲಿ ಮೂವತ್ತು ಸಲ ಅಂದರು.
ನಮ್ಮ ಬೆಟ್ಟಗಳಲ್ಲಿ ಅದಕ್ಕೆ ಪದವಿಲ್ಲ.
ಮಗಳು ಅನ್ನೋಣವೆಂದರೆ
ಅಪ್ಪನ ಮಗಳಿಗೆ ನಮ್ಮಲ್ಲಿ ಒಂದು ಮಾತು, ಅಮ್ಮನ ಮಗಳಿಗೆ ಇನ್ನೊಂದು.
ಅಮ್ಮನದು ವಾವಾ.
ತೊಟ್ಟಿಲ ಕೂಸಿಗೂ ಅದೇ, ನಲವತ್ತು ದಾಟಿದವಳಿಗೂ ಅದೇ.
ಲಂಡನ್ನಿನದು ತಾಯಿ ಕಂಪನಿ ತಾನೆ,
ವಾವಾ ಅಂದೆ.

ವಕೀಲರು ಕನ್ನಡಕ ಏರಿಸಿಕೊಂಡರು:
ತಾಯಿ ಬೇರೆ, ವಾವಾ ಬೇರೆ.
ವಾವಾಗೆ ತನ್ನದೇ ಹೆಸರು, ತನ್ನದೇ ಮೊಹರು, ತನ್ನದೇ ಸಾಲ.
ಪುಕಾಮಾಯುವಿನಲ್ಲಿ ವಾವಾ ಚೆಲ್ಲಿದ್ದಕ್ಕೆ
ತಾಯಿ ಹೊಣೆಯಲ್ಲ, ಮಹಾಸ್ವಾಮಿ.

ಸಾತುರ್ನಿನಾ ನನ್ನ ತೋಳು ಹಿಡಿದಳು.
'ನನ್ನ ವಾವಾ ನಿದ್ದೆ ತೂಗಿ
ಅಲ್ಪಾಕಾಗಳು ಎಲೂತೆರಿಯೊನ ಬಾರ್ಲಿಗೆ ನುಗ್ಗಿದಾಗ
ಅರ್ಧ ಚೀಲ ಒಣ ಆಲೂಗಡ್ಡೆ ಹೊತ್ತು
ಅವನ ಬಾಗಿಲಿಗೆ ಹೋದವಳು ಯಾರು?
ನೀನು ಏನೋ ತಪ್ಪಿ ಹೇಳುತ್ತಿದ್ದೀಯ. ಇನ್ನೊಮ್ಮೆ ಕೇಳಿಸಿಕೋ.'

ತಪ್ಪಿರಲಿಲ್ಲ.
ಅವಳ ಮಾತನ್ನು ತಿರುಗಿಸಿ ಹೇಳಲು
ಆ ಕೋಣೆಯಲ್ಲಿ ನನಗೆ ಯಾರೂ ಇರಲಿಲ್ಲ.

ಮರುದಿನ ಇಮೇಲುಗಳು.
ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯತಕ್ಕದ್ದು: ಲಂಡನ್ನಿನ ಆದೇಶ.
ಹೆಲ್ಮೆಟ್ಟಿನ ಬಣ್ಣ: ಲಂಡನ್ನು.
ಊಟದ ಬಿಡುವು ಎಷ್ಟು ನಿಮಿಷ: ಲಂಡನ್ನು.
ಗಸಿಹೊಂಡದ ಗೋಡೆ ಜಿನುಗುತ್ತಿದೆ, ದುಡ್ಡು ಬೇಕು ಎಂದು
ರೊಸೆಂಡೊ ಎಂಬ ಎಂಜಿನಿಯರ್ ನಾಲ್ಕು ಸಲ ಬರೆದಿದ್ದ.
ಉತ್ತರ ಒಂದೇ ಸಾಲು:
ಮುಂದಿನ ತ್ರೈಮಾಸಿಕದಲ್ಲಿ ನೋಡೋಣ.
ಅದೂ ಲಂಡನ್ನು.

ತ್ರೈಮಾಸಿಕಕ್ಕೂ ಪದ ಸಿಗದೆ
ಆಲೂಗಡ್ಡೆ ಅಗೆಯುವ ಹೊತ್ತಿಗೆ ಅಂದೆ.
ಅಷ್ಟು ದಿನ ಗೋಡೆ ಕಾಯಲಿಲ್ಲ ಅಂದಳು.

ಕಾಯಲಿಲ್ಲ.
ಹೊಳೆಗಲ್ಲಿಗೆ ಕಿತ್ತಳೆ ತುಕ್ಕು ಹಿಡಿದದ್ದು,
ಆ ವರ್ಷ ಹದಿನೇಳು ಮರಿಗಳು ಸತ್ತೇ ಹುಟ್ಟಿದ್ದು,
ಹುಡುಗನ ನೆತ್ತರಲ್ಲಿ ಸೀಸ ಇಳಿದು
ಬೆಳಿಗ್ಗೆ ಕಲಿತ ಅಕ್ಷರ ಸಂಜೆಗೆ ನಿಲ್ಲದೆ ಹೋದದ್ದು,
ಎಲ್ಲ ಕಡತದಲ್ಲಿದೆ, ಪುಟಸಂಖ್ಯೆ ಸಮೇತ.
ಕೈ ಅಲ್ಲಿ ಕೆಸರಾಯಿತು,
ಬಾಯಿ ಇಲ್ಲಿ ಮೊಸರಾಯಿತು.
ಈಗ ಬಾಯಿ ಒರೆಸಿಕೊಂಡು ಅನ್ನುತ್ತಿದೆ:
ಆ ಕೈ ಯಾರದೋ.

ಮಧ್ಯಾಹ್ನ ಯಾರೋ ಗಾಜಿನ ಲೋಟದಲ್ಲಿ ನೀರು ಕೊಟ್ಟರು.
ಅವಳು ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು
ಬಹಳ ಹೊತ್ತು ನೋಡಿದಳು.
ಆಮೇಲೆ ನನ್ನ ಕಡೆ ಸರಿಸಿದಳು,
ಮೊದಲು ನೀನು.

ಐದು ತಿಂಗಳ ಮೇಲೆ ತೀರ್ಪು.
ಸಿಗ್ನಲ್ಲಿಗಾಗಿ ದಿಬ್ಬ ಹತ್ತಿದ್ದಳು, ಫೋನಿನ ತುಂಬ ಗಾಳಿ.
'ಗೆದ್ದೆವಾ?'
ಇಲ್ಲ. ತಾಯಿಯನ್ನು ಪ್ರಶ್ನಿಸಬಹುದು ಅಂದಿದ್ದಾರೆ.
ಪ್ರಶ್ನೆ ಇನ್ನು ಮೇಲೆ.
'ಏಳು ವರ್ಷ ಅದಕ್ಕೇ ಆಯಿತಾ?'
ನಕ್ಕಳೋ, ಉಸಿರೆಳೆದಳೋ.

ಇಡ್ತೀನಿ, ನೀರಿನ ಲಾರಿ ಬಂತು, ಕೊಡ ಇಲ್ಲೇ ಇದೆ ಅಂದಳು.
ಲಾರಿಯ ಮೇಲೆ ಹೆಸರು ಯಾರದು,
ತಾಯಿಯದೋ ವಾವಾಳದೋ,
ಕೇಳಬೇಕು ಅನ್ನುವಷ್ಟರಲ್ಲಿ
ಗಾಳಿಯೂ ನಿಂತಿತು.